ಹಿಮ್ಮಡಿಗೂ ನೆಲಕ್ಕೂ ನಡುವೆ

ಮೇಲೆ ಹೋದದ್ದನ್ನು ಕೆಳಗೆ ಇಳಿಸುವುದು ನನ್ನ ಕಸುಬು. ನಾನು ಲಿಫ್ಟ್ ಮೆಕ್ಯಾನಿಕ್. ಆಸ್ಪತ್ರೆಯ ಲಿಫ್ಟು, ಬ್ಯಾಂಕಿನ ಲಿಫ್ಟು, ತಲೆ ಎತ್ತಿ ನೋಡಿದರೆ ಕತ್ತು ನೋಯುವಂಥ ಕಚೇರಿಗಳ ಲಿಫ್ಟು, ಎಲ್ಲವೂ ನಾನು ಹೇಳಿದ ಹಾಗೆ ಕೇಳುತ್ತವೆ. ನಾನು ರಿಪೇರಿ ಮಾಡಿದ ಲಿಫ್ಟಿನೊಳಗೆ ತುಂಬಿದ ನೀರಿನ ಲೋಟ ಇಟ್ಟು ಮೇಲಿನ ಮಹಡಿಯಿಂದ ಕೆಳಕ್ಕೆ ಬಿಡಿ. ಒಂದು ತೊಟ್ಟು ತುಳುಕಿದರೆ ನನ್ನ ಹೆಸರು ಬದಲಾಯಿಸಿ! ಅಂಥವನ ಸ್ವಂತ ಮಗಳು, ಗಾಳಿ ಬೀಸಿದರೆ ಹಾರಿಹೋಗುವಂಥ ಕಡ್ಡಿ ಹುಡುಗಿ, ಬರೀ ಗೇಣುದ್ದ ಎತ್ತರದಿಂದ ಇಳಿಯುವಾಗ ‘ದಪ್’ ಎಂದು ಸದ್ದು ಮಾಡುತ್ತಾಳೆಂದರೆ ಏನರ್ಥ? ಅದನ್ನು ಕೇಳಿಯೂ ನಾನು ಸುಮ್ಮನಿರಬೇಕೆ?

ಸುಮ್ಮನೇ ಇರಬೇಕಿತ್ತು. ಆದರೆ ಅದು ಗೊತ್ತಾದದ್ದು ಆಮೇಲೆ.

ಮಗಳು ಬ್ಯಾಲೆ ನೃತ್ಯ ಕಲಿಯುತ್ತಾಳೆ. ಚಿಕ್ಕಂದಿನಿಂದ ಮೆತ್ತನೆಯ ಶೂ ತೊಟ್ಟು ಕುಣಿದವಳಿಗೆ ಈಚೆಗೆ ಪಾಯಿಂಟ್ ಶೂ ಬಂದಿತ್ತು. ನೋಡಲು ನುಣುಪು ಬಟ್ಟೆಯ ನಾಜೂಕು ಶೂ. ತುದಿ ಮುಟ್ಟಿದರೆ ಮರದ ತುಂಡಿನ ಹಾಗೆ ಗಟ್ಟಿ. ಅದನ್ನು ರಿಬ್ಬನ್ನಿನಿಂದ ಕಣಕಾಲಿಗೆ ಬಿಗಿದು ಕಟ್ಟಿಕೊಂಡು, ಇಡೀ ದೇಹವನ್ನು ಕಾಲ್ಬೆರಳ ತುದಿಯ ಮೇಲೆ ನಿಲ್ಲಿಸಬೇಕು. ಶೂ ಬಂದ ದಿನ ಅವಳು ಅದನ್ನು ದಿಂಬಿನ ಪಕ್ಕ ಇಟ್ಟುಕೊಂಡೇ ಮಲಗಿದ್ದಳು. ಏರುವುದಂತೂ ಅವಳಿಗೆ ನೀರು ಕುಡಿದಷ್ಟು ಸಲೀಸು. ಅಡುಗೆಮನೆಯ ಕಟ್ಟೆ ಹಿಡಿದು ‘ಸುಂಯ್’ ಎಂದು ಏರಿಬಿಡುತ್ತಾಳೆ. ಇಳಿಯುವಾಗ ಮಾತ್ರ ‘ದಪ್’.

ಈ ‘ದಪ್’ ಎಂಬ ಶಬ್ದಕ್ಕೆ ನಮ್ಮ ಮನೆಯಲ್ಲಿ ಉತ್ತರವೂ ಇತ್ತು. ನಮ್ಮ ಕೆಳಗಿನ ಮನೆಯವರು ನರ್ಸಮ್ಮ. ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ದುಡಿದು ಬಂದು ಹಗಲು ಮಲಗುವ ಪುಣ್ಯಾತ್ಗಿತ್ತಿ. ಮೇಲೆ ‘ದಪ್’ ಎಂದರೆ ಕೆಳಗಿನಿಂದ ಕೋಲಿನಲ್ಲಿ ‘ಟಕ್ ಟಕ್’. ಬೈಗುಳವಿಲ್ಲ, ಜಗಳವಿಲ್ಲ, ಬರೀ ‘ಟಕ್ ಟಕ್’. ಅದಕ್ಕೇ ನಮಗೆ ಹೆಚ್ಚು ನಾಚಿಕೆ.

ಆ ವಾರ ಡ್ಯಾನ್ಸ್ ಮೇಡಂ ಕೊನೆಯ ಮಾತು ಹೇಳಿಬಿಟ್ಟಿದ್ದರು. ಮಗಳನ್ನು ಕರೆದುಕೊಂಡು ಬರಲು ಹೋದ ನಾನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡೆ.

“ಮೇಲೆ ಹೋಗೋಕೆ ಹುಮ್ಮಸ್ಸು ಸಾಕಮ್ಮ. ಕೆಳಗೆ ಬರೋಕೆ ಹಿಡಿತ ಬೇಕು. ಹೀಗೆ ಬಿದ್ದು ಬಿದ್ದು ಇಳೀತಿದ್ರೆ ಕಣಕಾಲು ಹಾಳಾಗುತ್ತೆ. ಭಾನುವಾರ ಪರೀಕ್ಷೆ ಇದೆಯಲ್ಲ, ಅವತ್ತು ನೋಡ್ತೀನಿ. ಆಗಲೂ ಸದ್ದು ಬಂದ್ರೆ ಆ ಶೂ ಬೀರುವಿಗೆ. ಇನ್ನೊಂದು ವರ್ಷ ಮೆತ್ತನೆ ಶೂ ಕ್ಲಾಸು, ಚಿಕ್ಕ ಮಕ್ಕಳ ಜೊತೆ.”

ಮಗಳು ಮನೆಗೆ ಬಂದವಳೇ ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ನಲ್ಲಿ ಸುರಿಯುತ್ತಲೇ ಇತ್ತು. ಒಳಗೆ ಸ್ನಾನದ ಸದ್ದಿಲ್ಲ, ಬಟ್ಟೆ ಒಗೆಯುವ ಸದ್ದಿಲ್ಲ. ಅಳು ಕೇಳಿಸದಿರಲಿ ಎಂದು ಬಿಟ್ಟ ನೀರು ಅದು ಎಂದು ತಿಳಿಯದಷ್ಟು ಮಂಕನಲ್ಲ ನಾನು. ಅಲ್ಲೇ ಬಾಗಿಲ ಹೊರಗೆ ನಿಂತು ಪ್ರತಿಜ್ಞೆ ಮಾಡಿದೆ: ಊರ ಜನರನ್ನೆಲ್ಲ ಮೆತ್ತಗೆ ಇಳಿಸಿದವನು, ನನ್ನ ಮಗಳನ್ನು ಇಳಿಸದಿದ್ದರೆ ಈ ಪಾನಾ ಹಿಡಿದ ಕೈಗೆ ಬೆಲೆಯೇನು!

ಮೊದಲ ಹೆಜ್ಜೆಯಾಗಿ ನೆಲದ ಮೇಲೆ ರಸಮಟ್ಟ ಇಟ್ಟು ನೋಡಿದೆ. ಮಟ್ಟದ ಗುಳ್ಳೆ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿತ್ತು.

“ಸಿಕ್ತು ನೋಡು,” ಎಂದು ಹೆಂಡತಿಯನ್ನು ಕೂಗಿದೆ. “ನೆಲವೇ ಸರಿಯಿಲ್ಲ.”

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ,” ಎಂದಳು ಅವಳು. “ಇಲ್ಲಿ ಕುಣಿಯೋಳು ಸುಮ್ಮನಿದ್ದಾಳೆ, ಅವಳಪ್ಪ ಅಂತಿದಾನೆ. ನೆಲ ಬಿಡಿ, ನಮ್ಮ ಕಟ್ಟಡದ ಲಿಫ್ಟ್ ಕೆಟ್ಟು ಕೂತು ಎಷ್ಟು ಕಾಲ ಆಯ್ತು? ಅದನ್ನ ಯಾವಾಗ ನೋಡ್ತೀರಿ?”

ಇದೊಂದು ನೋವಿನ ವಿಷಯ. ನಮ್ಮ ಕಟ್ಟಡದ ಲಿಫ್ಟು ಕೆಟ್ಟಿತ್ತು. ಮೊದಲು ಹೊರಗಿನವರ ಕೆಲಸ, ಆಮೇಲೆ ಮನೆಯದು ಎಂದು ನಾನು ಮುಂದೂಡುತ್ತ ಬಂದಿದ್ದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಮೆಟ್ಟಿಲು ಹತ್ತುವವರೆಲ್ಲ ನನಗೆ ಕೇಳಿಸುವಂತೆಯೇ ಏದುಸಿರು ಬಿಡುತ್ತಿದ್ದರು.

ಹೆಂಡತಿಯ ಬಾಯಿಗೆ ನಾನು ಎದುರಾಡುವುದಿಲ್ಲ, ಕಾರಣವಿದೆ. ಅವಳೂ ನಮ್ಮ ಲಿಫ್ಟ್ ಕಂಪನಿಯಲ್ಲೇ ಕೆಲಸ ಮಾಡುವವಳು. ಎಲ್ಲಾದರೂ ಲಿಫ್ಟ್ ನಡುವೆ ಸಿಕ್ಕಿಕೊಂಡರೆ ಒಳಗಿನವರು ಒಂದು ನಂಬರಿಗೆ ಫೋನ್ ಮಾಡುತ್ತಾರಲ್ಲ, ಆ ಫೋನ್ ಎತ್ತುವವಳು ಅವಳೇ. “ಗಾಬರಿಯಾಗಬೇಡಿ, ಬಾಗಿಲನ್ನು ಬಲವಂತವಾಗಿ ತೆರೆಯಬೇಡಿ, ಮೆಕ್ಯಾನಿಕ್ ಬರುತ್ತಾರೆ” ಎಂದು ಬೆಣ್ಣೆಯಂಥ ದನಿಯಲ್ಲಿ ಹೇಳುತ್ತಾಳೆ. ಆ ಬೆಣ್ಣೆ ಕಚೇರಿಯಲ್ಲೇ ಖರ್ಚಾಗಿ, ಮನೆಗೆ ಬರುವಾಗ ಬರೀ ಮಜ್ಜಿಗೆ ಉಳಿದಿರುತ್ತದೆ.

ಶನಿವಾರ ಬಂತು. ಹೆಂಡತಿ ಕಚೇರಿಗೆ, ಮಗಳು ಪರೀಕ್ಷೆಯ ಮುಂಚಿನ ಕೊನೆಯ ಕ್ಲಾಸಿಗೆ. ನನಗೆ ರಜೆ. ವಿಶ್ವಕರ್ಮನೇ ಮೈಮೇಲೆ ಬಂದವನಂತೆ ನಾನು ಕೆಲಸಕ್ಕೆ ಇಳಿದೆ.

ನಮ್ಮ ನಡುಮನೆಯ ಸೂರಿನಲ್ಲಿ ಒಂದು ದಪ್ಪ ಕಬ್ಬಿಣದ ಬಳೆಯಿದೆ. ಹಿಂದೆ ಇದ್ದ ಬಾಕ್ಸಿಂಗ್ ಹುಚ್ಚಿನವರು ಗುದ್ದುವ ಚೀಲ ನೇತುಹಾಕಲು ಹೊಡೆಸಿದ್ದು. ಅದಕ್ಕೆ ಒಂದು ರಾಟೆ ಕಟ್ಟಿದೆ. ರಾಟೆಯ ಮೇಲೆ ಹಗ್ಗ. ಹಗ್ಗದ ಒಂದು ತುದಿಗೆ, ನಾನು ಎತ್ತರದಲ್ಲಿ ಕೆಲಸ ಮಾಡುವಾಗ ಎದೆಗೂ ತೊಡೆಗೂ ಬಿಗಿದುಕೊಳ್ಳುವ ಸುರಕ್ಷಾ ಪಟ್ಟಿ. ಇನ್ನೊಂದು ತುದಿಗೆ ನೀರು ತುಂಬಿದ ಬಕೆಟ್ಟು. ಲಿಫ್ಟಿನ ಗುಟ್ಟೇ ಇದು: ಒಂದು ಕಡೆ ಪೆಟ್ಟಿಗೆ ಇಳಿದರೆ ಇನ್ನೊಂದು ಕಡೆ ಎದುರುಭಾರ ಏರುತ್ತದೆ, ಪೆಟ್ಟಿಗೆ ಹಗುರವಾಗುತ್ತದೆ. ಮಗಳು ಪಟ್ಟಿ ಕಟ್ಟಿಕೊಂಡು ಇಳಿಯುತ್ತಾಳೆ, ಬಕೆಟ್ಟು ಏರುತ್ತದೆ, ಮೈ ಹಗುರಾಗಿ ಕಾಲಿಗೆ ಮೆಲ್ಲಗೆ ಇಳಿಯುವ ಅಭ್ಯಾಸವಾಗುತ್ತದೆ. ಹೇಗಿದೆ?

ಇಷ್ಟಕ್ಕೇ ನಿಲ್ಲಿಸಿದ್ದರೂ ಬದುಕುತ್ತಿದ್ದೆ. ಆದರೆ ಕಸುಬುದಾರನ ಅಭಿಮಾನ ಬಿಡಬೇಕಲ್ಲ! ಲಿಫ್ಟು ಅತಿ ವೇಗವಾಗಿ ಇಳಿದರೆ ಗಬಕ್ಕನೆ ಹಿಡಿದು ನಿಲ್ಲಿಸುವ ಒಂದು ಕೊಕ್ಕೆ ಇರುತ್ತದೆ. ಹಳೆಯ ಸಾಮಾನಿನಲ್ಲಿ ಅಂಥದ್ದೇ ಸಣ್ಣದೊಂದು ಸಿಕ್ಕಿತು. ಅದನ್ನೂ ರಾಟೆಗೆ ಜೋಡಿಸಿದೆ. ಮೆಲ್ಲಗೆ ಇಳಿದರೆ ಕೊಕ್ಕೆ ಸುಮ್ಮನಿರುತ್ತದೆ. ಧಡಕ್ಕನೆ ಇಳಿದರೆ ರಾಟೆಯ ಹಲ್ಲಿಗೆ ಸಿಕ್ಕಿ ನಿಲ್ಲಿಸುತ್ತದೆ. ಒಮ್ಮೆ ಹಿಡಿದರೆ ಬಿಡಿಸಲು ಒಂದೇ ದಾರಿ: ಪೆಟ್ಟಿಗೆಯನ್ನು ಮೊದಲು ಸ್ವಲ್ಪ ಮೇಲಕ್ಕೆ ಎತ್ತಬೇಕು. ಇಳಿಯಬೇಕಾದರೆ ಮೊದಲು ಏರು; ಇದು ನಮ್ಮ ಕಸುಬಿನ ಮೊದಲ ಪಾಠ.

ಅಭ್ಯಾಸಕ್ಕೆ ಜಾಗ ಬೇಕೆಂದು ಕುರ್ಚಿ, ಸ್ಟೂಲು, ಮೇಜು ಎಲ್ಲವನ್ನೂ ಮಲಗುವ ಕೋಣೆಗೆ ಒಟ್ಟಿ, ಉಳಿದ ಸೋಫಾವನ್ನು ಅದರ ಬಾಗಿಲಿಗೇ ಅಡ್ಡ ನಿಲ್ಲಿಸಿದೆ. ಏಣಿಯನ್ನು ಕೆಳಗೆ ವ್ಯಾನಿಗೆ ಹಾಕಿ ಬಂದೆ. ಕೆಲಸ ಮುಗಿದ ಮೇಲೆ ಸಾಮಾನು ಎತ್ತಿಡುವುದು ನನ್ನ ಶಿಸ್ತು. ಈ ಶಿಸ್ತಿಗೆ ಬೆಂಕಿ ಬೀಳಲಿ.

ನಮ್ಮಲ್ಲಿ ಇನ್ನೊಂದು ನಿಯಮವಿದೆ. ರಿಪೇರಿಯಾದ ಲಿಫ್ಟಿಗೆ ಮೊದಲು ಮೆಕ್ಯಾನಿಕ್ ಹತ್ತಬೇಕು, ಆಮೇಲೆ ಪ್ರಯಾಣಿಕರು. ಮಗಳನ್ನು ಕಟ್ಟುವ ಮುಂಚೆ ನಾನು ಕಟ್ಟಿಕೊಂಡೆ. ಬಕಲ್ ಬೆನ್ನ ಹಿಂದೆ, ಕಷ್ಟಪಟ್ಟು ಹಾಕಿದೆ. ನನ್ನ ತೂಕಕ್ಕೆ ತಕ್ಕಂತೆ ಬಕೆಟ್ಟನ್ನು ಕಂಠಪೂರ್ತಿ ತುಂಬಿದ್ದೆ. ಎದೆ ಸೆಟೆಸಿದೆ, ಎರಡು ಕೈಗಳನ್ನೂ ಮಗಳ ಹಾಗೆ ಕಮಾನಿನಂತೆ ಎತ್ತಿದೆ, ತುದಿಗಾಲಿನ ಮೇಲೆ ಏರಿದೆ. ಆಹಾ, ಏನು ಭಂಗಿ! ನೋಡಲು ಯಾರೂ ಇರಲಿಲ್ಲವೆಂಬುದೊಂದೇ ಕೊರತೆ.

ಆಮೇಲೆ ಇಳಿದೆ.

ಇಳಿದೆ ಎನ್ನುವುದು ಸುಳ್ಳು. ಉರುಳಿದೆ. ನನ್ನ ಮೀನಖಂಡಗಳಿಗೆ ಹಿಡಿತ ಎಂಬುದೊಂದಿದೆ ಎಂದೇ ಗೊತ್ತಿರಲಿಲ್ಲ. ದೇಹ ಕುಸಿಯುತ್ತಲೇ ಕಾಲು ತಡಬಡಿಸಿ ಪಾದದ ಮುಂಭಾಗ ನೆಲಕ್ಕೆ ‘ದಪ್’ ಎಂದು ಬಡಿಯಿತು. ತಲೆಯ ಮೇಲೆ ಕೊಕ್ಕೆ ‘ಕಟಕ್’ ಎಂದಿತು. ಹಿಮ್ಮಡಿ ಇನ್ನೂ ನೆಲ ಮುಟ್ಟುವ ಮೊದಲೇ ನಾನು ನಿಂತುಬಿಟ್ಟೆ. ಪಟ್ಟಿ ಕಂಕುಳಲ್ಲಿ ಹೂತುಕೊಂಡಿತು. ಬಕೆಟ್ಟು ನನ್ನ ಕಿವಿಯ ಪಕ್ಕ ತೂಗಾಡಿ ಒಂದು ಬೊಗಸೆ ನೀರನ್ನು ನನ್ನ ತಲೆಗೆ ಸುರಿಯಿತು.

ಕೆಳಗಿನಿಂದ ‘ಟಕ್ ಟಕ್’.

ಯಂತ್ರದಲ್ಲಿ ದೋಷವಿರಲಿಲ್ಲ, ಅದನ್ನು ನಾನು ಈಗಲೂ ಎದೆ ತಟ್ಟಿ ಹೇಳುತ್ತೇನೆ. ಧಡಕ್ಕನೆ ಇಳಿದವರನ್ನು ಹಿಡಿಯಲೆಂದೇ ಮಾಡಿದ ಕೊಕ್ಕೆ, ಧಡಕ್ಕನೆ ಇಳಿದವನನ್ನು ಹಿಡಿದಿತ್ತು. ಬಿಡಿಸುವ ದಾರಿಯೂ ಗೊತ್ತಿತ್ತು: ಸ್ವಲ್ಪ ಮೇಲೆ ಏರಬೇಕು, ಏರಿದಾಗ ಕೊಕ್ಕೆಯನ್ನು ಯಾರಾದರೂ ಸರಿಸಬೇಕು. ಯಾರು? ಏಣಿ ವ್ಯಾನಿನಲ್ಲಿ. ಬಕಲ್ ಬೆನ್ನ ಹಿಂದೆ. ಮೇಲಾಗಿ ಭಾರ ಬಿದ್ದಾಗ ಬಿಚ್ಚಬಾರದೆಂದೇ ಮಾಡಿದ ಬಕಲ್ ಅದು. ಕೂಗಿದರೆ ನರ್ಸಮ್ಮ ಬರುತ್ತಾರೆ, ನರ್ಸಮ್ಮನ ಹಿಂದೆ ಕಟ್ಟಡವೇ ಬರುತ್ತದೆ. ಲಿಫ್ಟ್ ಕೆಟ್ಟ ಸಿಟ್ಟಿನಲ್ಲಿರುವ ಆ ಜನ, ನನ್ನನ್ನು ಹಾಗೇ ನೇತುಹಾಕಿ ಹೊರಟುಹೋದರೂ ಆಶ್ಚರ್ಯವಿಲ್ಲ. ಮೇಲಕ್ಕೂ ಅಲ್ಲ, ಕೆಳಕ್ಕೂ ಅಲ್ಲ, ತ್ರಿಶಂಕು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡವನ ಪಾಡು ಇದೇ ಎಂದುಕೊಳ್ಳುತ್ತ ಬುಗುರಿಯ ಹಾಗೆ ಮೆಲ್ಲಗೆ ತಿರುಗತೊಡಗಿದೆ.

ಎಷ್ಟು ಹೊತ್ತು ತಿರುಗಿದೆನೋ. ಬೀಗ ತೆಗೆಯುವ ಸದ್ದಾಯಿತು. ಮಗಳು ಒಳಗೆ ಬಂದಳು. ಮುಖ ಬಾಡಿತ್ತು, ಆ ದಿನವೂ ಕ್ಲಾಸಿನಲ್ಲಿ ‘ದಪ್’ ಆಗಿತ್ತೆಂದು ಕೇಳದೆಯೇ ತಿಳಿಯಿತು. ಚೀಲ ಕೆಳಗಿಟ್ಟು ತಲೆ ಎತ್ತಿದಳು. ಆ ಹೊತ್ತಿಗೆ ನಾನು ಅವಳಿಗೆ ಬೆನ್ನು ತೋರಿಸಿ ತಿರುಗುತ್ತಿದ್ದೆ.

“ಅಪ್ಪ, ಏನಿದು?”

“ತಾಳು, ಇನ್ನೊಂದು ಸುತ್ತು ಬಂದು ಹೇಳ್ತೀನಿ,” ಎಂದೆ.

ಹೇಳಿದೆ. ಅವಳ ತುಟಿ ನಡುಗಿತು. ಅಳುವೋ ನಗುವೋ ತಿಳಿಯಲಿಲ್ಲ. ಮೊದಲು ಬಕಲ್ ಎಳೆದು ನೋಡಿದಳು, ಜಪ್ಪಯ್ಯ ಅಂದರೂ ಬಿಚ್ಚಲಿಲ್ಲ. ಕುರ್ಚಿ ತರೋಣವೆಂದು ಸೋಫಾ ನೂಕಿದಳು, ಅದೂ ಅಲ್ಲಾಡಲಿಲ್ಲ. ವ್ಯಾನಿನ ಏಣಿಯನ್ನು ಆ ಕಡ್ಡಿ ಹುಡುಗಿ ಮೆಟ್ಟಿಲು ಹತ್ತಿಸಿ ತರುವ ಮಾತೇ ಇಲ್ಲ. ಕೊನೆಗೆ ಫೋನ್ ತೆಗೆದು ಅಮ್ಮನಿಗೆ ಹಚ್ಚಿ ಸ್ಪೀಕರ್ ಒತ್ತಿದಳು. ಬೇಡವೆಂದು ನಾನು ಕೈಬೀಸಿದೆ. ಕೈಬೀಸಿದ ರಭಸಕ್ಕೆ ಮತ್ತೆ ಆ ಕಡೆ ತಿರುಗಿದೆ.

“ಅಮ್ಮ, ಅಪ್ಪ ಸಿಕ್ಕಿಹಾಕ್ಕೊಂಡಿದಾರೆ.”

“ಯಾವ ಲಿಫ್ಟಲ್ಲಿ?” ಹೆಂಡತಿಯ ದನಿ ಕಚೇರಿಯ ಬೆಣ್ಣೆಯಲ್ಲೇ ಇತ್ತು.

“ಲಿಫ್ಟಲ್ಲಿ ಅಲ್ಲ, ನಡುಮನೇಲಿ.”

“ಯಾವ ಮಹಡಿ ನಡುವೆ?”

“ಮಹಡಿ ಅಲ್ಲ ಕಣೇ,” ಎಂದು ನಾನೇ ಕೂಗಿದೆ. “ಹಿಮ್ಮಡಿಗೂ ನೆಲಕ್ಕೂ ನಡುವೆ.”

ಆ ಕಡೆಯಿಂದ ಅವಳು ಅಭ್ಯಾಸಬಲದಿಂದ ಹೇಳಿದಳು: “ಗಾಬರಿಯಾಗಬೇಡಿ. ಮೆಕ್ಯಾನಿಕ್ ಕಳಿಸ್ತೀನಿ.”

“ಮೆಕ್ಯಾನಿಕ್ ನಾನೇ ಅಲ್ವೇನೇ.”

“ಓ, ನೀವಾ? ಹಾಗಾದ್ರೆ ಗಾಬರಿಯಾಗಿ.” ಫೋನ್ ಇಟ್ಟಳು.

ಮಗಳು ಬಿದ್ದು ಬಿದ್ದು ನಕ್ಕಳು. ಆ ವಾರದಲ್ಲಿ ಅವಳು ನಕ್ಕದ್ದು ಅದೇ ಮೊದಲು. ಕಂಕುಳು ಉರಿಯುತ್ತಿದ್ದರೂ ನನಗೆ ಒಳಗೊಳಗೇ ಖುಷಿಯಾಯಿತು. ಇನ್ನೊಂದು ಸುತ್ತು ಬೇಕಾದರೂ ತಿರುಗಲು ಸಿದ್ಧನಿದ್ದೆ.

ನಕ್ಕು ಮುಗಿದ ಮೇಲೆ ಕೊಕ್ಕೆ ನೋಡಿದಳು. ಕಸಪೊರಕೆಯ ಕೋಲು ತಂದು ಎತ್ತಿದಳು. ನಾಲ್ಕು ಬೆರಳು ಕಡಿಮೆ ಬಿತ್ತು. ತುದಿಗಾಲಲ್ಲಿ ನಿಂತಳು, ಆಗಲೂ ಎರಡು ಬೆರಳು ಸಾಲದು. ಅವಳು ಒಂದು ಕ್ಷಣ ಯೋಚಿಸಿ, ನೆಲದ ಮೇಲೆ ಕೂತು, ಚೀಲದಿಂದ ಪಾಯಿಂಟ್ ಶೂ ತೆಗೆದು ರಿಬ್ಬನ್ ಕಟ್ಟತೊಡಗಿದಳು.

“ಬೇಗ ಕಟ್ಟೇ ತಾಯಿ, ಪ್ರಾಣ ಹೋಗ್ತಿದೆ.”

“ಅವಸರದಲ್ಲಿ ಕಟ್ಟಿದ್ರೆ ಕಾಲು ಉಳುಕುತ್ತೆ ಅಪ್ಪ. ಎಲ್ಲಿ, ಈಗ ನೀನು ಮೇಲೆ ಏರು. ನೀನು ಏರಿದ್ರೆ ತಾನೆ ಕೊಕ್ಕೆ ಸಡಿಲ ಆಗೋದು?”

ಏರಲು ಹೋದೆ. ಕಾಲು ಗಡಗಡ ನಡುಗಿತು. ಕೂದಲೆಳೆಯಷ್ಟು ಏರಿ ಮತ್ತೆ ಕುಸಿದೆ. ಅವಳೂ ಕೋಲೆತ್ತಿ ಏರಿದ್ದವಳು ನನ್ನೊಡನೆಯೇ ‘ದಪ್’ ಎಂದು ಇಳಿದಳು. ಬಕೆಟ್ಟು ಇನ್ನೊಂದು ಬೊಗಸೆ ಸುರಿಯಿತು.

‘ಟಕ್ ಟಕ್.’

“ನನ್ನ ಕೈಲಾಗಲ್ಲ ಪುಟ್ಟೀ. ಕಾಲಲ್ಲಿ ಕಸುವಿಲ್ಲ,” ಎಂದೆ. ಅದು ಸೋತವನ ಮಾತೇ.

“ಕಾಲಿಂದ ಏರಬೇಡ ಅಪ್ಪ,” ಎಂದಳು ಅವಳು. ದನಿ ಡ್ಯಾನ್ಸ್ ಮೇಡಂನಂತೆಯೇ ಇತ್ತು. “ಎಲ್ಲರೂ ಅದೇ ತಪ್ಪು ಮಾಡ್ತಾರೆ. ಹೊಟ್ಟೆ ಒಳಗೆ ಎಳಕೋ. ಮಂಡಿ ಚಿಪ್ಪು ಮೇಲಕ್ಕೆ ಎಳಿ. ನೆಲಾನ ಕೆಳಗೆ ತಳ್ಳು, ತಲೆ ತಾನಾಗೇ ಮೇಲೆ ಹೋಗುತ್ತೆ. ಇಳಿಯುವಾಗ ಇಳೀತಿದೀನಿ ಅಂದ್ಕೋಬೇಡ. ಹಿಮ್ಮಡಿ ಇಳೀಲಿ, ನೀನು ಮೇಲೇ ಹೋಗ್ತಾ ಇರು. ಗೊತ್ತಾಯ್ತಾ?”

ಹೊಟ್ಟೆಯನ್ನು ಒಳಗೆ ಎಳೆದುಕೊಂಡೆ. ಎಳೆಯಬೇಕಾದ ಹೊಟ್ಟೆ ಬಹಳವಿತ್ತು. ನೆಲವನ್ನು ತಳ್ಳಿದೆ. ನಿಜಕ್ಕೂ ತಲೆ ಮೇಲೆ ಹೋಯಿತು! ಪಟ್ಟಿ ಸಡಿಲವಾಯಿತು. ಎದುರಿಗೆ ಅವಳು ಎರಡೂ ಕಾಲ ತುದಿಯ ಮೇಲೆ ನೆಟ್ಟಗೆ ಎದ್ದು, ಕೋಲಿನಿಂದ ಕೊಕ್ಕೆಯನ್ನು ಪಕ್ಕಕ್ಕೆ ತಳ್ಳಿ ಹಿಡಿದಳು.

“ಈಗ ಇಳಿ ಅಪ್ಪ. ಮೆಲ್ಲಗೆ. ಮೇಲೆ ಹೋಗ್ತಾ ಇಳಿ. ಇನ್ನೂ ಮೆಲ್ಲಗೆ. ಬೀಳಬೇಡ.”

ನಾನು ಇಳಿದೆ. ಹಲ್ಲು ಕಚ್ಚಿ, ಬೆವರು ಸುರಿಸಿ, ಕೂದಲೆಳೆ ಕೂದಲೆಳೆಯಾಗಿ. ಹಿಮ್ಮಡಿ ನೆಲಕ್ಕೆ ತಾಗಿದಾಗ ತವರಿಗೆ ಬಂದಷ್ಟು ಸಮಾಧಾನವಾಯಿತು. ಅವಳು ಕಣ್ಣು ಮಿಟುಕಿಸದೆ ನನ್ನ ಪಾದವನ್ನೇ ನೋಡುತ್ತ, ನನ್ನೊಡನೆಯೇ ಉಸಿರು ಬಿಡುತ್ತ, ಕೋಲನ್ನು ಕೆಳಗಿಳಿಸಿದಳು.

ಇಬ್ಬರೂ ಕಿವಿಗೊಟ್ಟು ನಿಂತೆವು. ಕೆಳಗಿನಿಂದ ‘ಟಕ್ ಟಕ್’ ಬರಲಿಲ್ಲ.

ಮಗಳು ತನ್ನ ಕಾಲು ನೋಡಿಕೊಂಡಳು. ಪಾದ ಪೂರ್ತಿ ನೆಲದ ಮೇಲಿತ್ತು.

“ಅಪ್ಪ, ನಾನು ಇಳಿದ್ನಾ?”

“ಇಳಿದಿದೀಯಲ್ಲೇ.”

“ಯಾವಾಗ? ಸದ್ದೇ ಬರ್ಲಿಲ್ಲ.”

ಅವಳ ಕಣ್ಣು ಅಗಲವಾಯಿತು. ಮತ್ತೆ ಏರಿದಳು. ಇಳಿದಳು. ಎಲೆ ಬಿದ್ದಷ್ಟೂ ಸದ್ದಿಲ್ಲ. ಇಷ್ಟು ದಿನ ಇಳಿಯುವಾಗಲೆಲ್ಲ ಈಗ ಬೀಳುತ್ತೇನೆ, ಈಗ ಬೀಳುತ್ತೇನೆ ಎಂದು ಹೆದರಿ ಬೀಳುತ್ತಿದ್ದಳಂತೆ. ಅಪ್ಪ ಬೀಳಬಾರದೆಂದು ನೋಡುವಾಗ ತನ್ನ ಹೆದರಿಕೆ ಮರೆತೇ ಹೋಯಿತಂತೆ. ಹೇಳುತ್ತ ಹೇಳುತ್ತ ಏರಿದಳು, ಇಳಿದಳು, ಮತ್ತೆ ಏರಿದಳು. ನಾನು ಒದ್ದೆ ತಲೆಯಲ್ಲಿ, ಬೆನ್ನಿಗೆ ಹಗ್ಗ ಕಟ್ಟಿಕೊಂಡೇ ನಿಂತು ನೋಡಿದೆ. ಕಣ್ಣಲ್ಲಿ ನೀರು ಬಂತು. ಬಕೆಟ್ಟಿನದೆಂದು ಸುಳ್ಳು ಹೇಳಿದೆ.

ಬಾಗಿಲು ಬಡಿದ ಸದ್ದಾಯಿತು. ನರ್ಸಮ್ಮ, ಕೆದರಿದ ಕೂದಲಲ್ಲೇ ಮೇಲೆ ಓಡಿಬಂದಿದ್ದರು.

“ಮಗೂಗೆ ಹುಷಾರಿಲ್ವಾ?” ಎಂದು ಏದುಸಿರಿನಲ್ಲಿ ಕೇಳಿದರು. “ಎರಡು ಸಲ ಗೋಡೆ ಬಿದ್ದಹಾಗೆ ಸದ್ದಾಯ್ತು. ಆಮೇಲೆ ಸದ್ದೇ ಇಲ್ಲ. ಭಯಕ್ಕೆ ನಿದ್ದೆ ಹಾರಿಹೋಯ್ತು.”

ಆಗ ಅವರ ದೃಷ್ಟಿ ನನ್ನ ಮೇಲೆ, ಹಗ್ಗದ ಮೇಲೆ, ಬಕೆಟ್ಟಿನ ಮೇಲೆ ಬಿತ್ತು. ಆಸ್ಪತ್ರೆಯಲ್ಲಿ ಎಂತೆಂಥದ್ದನ್ನೋ ನೋಡಿದವರು ಅವರು. ಏನೂ ಕೇಳದೆ ಬಕೆಟ್ಟು ಇಳಿಸಿ, ಪಟ್ಟಿ ಬಿಚ್ಚಿ, ನಾಡಿ ನೋಡಿ ಹೋದರು.

ಭಾನುವಾರ ನೃತ್ಯಶಾಲೆಯ ಗೋಡೆಯ ಬದಿಗೆ ಬೆಂಚಿನ ಮೇಲೆ ನಾನೂ ಹೆಂಡತಿಯೂ ಕೂತೆವು. ಮಗಳ ಸರದಿ ಬಂತು. ಏರಿದಳು. ನನ್ನ ಪಕ್ಕದಲ್ಲಿ ಹೆಂಡತಿ ನನ್ನ ಕೈ ಹಿಸುಕಿದಳು. ಮಗಳು ಇಳಿದಳು. ಆ ದೊಡ್ಡ ಕೋಣೆಯಲ್ಲಿ ಗಡಿಯಾರದ ಮುಳ್ಳಿನ ಸದ್ದು ಬಿಟ್ಟು ಬೇರೆ ಏನೂ ಕೇಳಿಸಲಿಲ್ಲ.

“ಶೂ ನಿನ್ನ ಕಾಲಲ್ಲೇ ಇರ್ಲಿ,” ಎಂದರು ಮೇಡಂ. “ಒಂದೇ ದಿನದಲ್ಲಿ ಎಲ್ಲಿ ಕಲಿತೆ?”

“ನಮ್ಮಪ್ಪನಿಂದ,” ಎಂದಳು ಮಗಳು.

ನಾನು ಬೆಂಚಿನ ಮೇಲೆ ಒಂದು ಗೇಣು ಉದ್ದವಾದೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ! ಹೆಂಡತಿಯ ಕಡೆ ಓರೆಗಣ್ಣಿನಿಂದ ನೋಡಿದೆ. ಅವಳು ಕೆಮ್ಮುವ ನೆಪದಲ್ಲಿ ನಗು ನುಂಗುತ್ತಿದ್ದಳು. ಆ ಉಬ್ಬು ಸೋಮವಾರ ಬೆಳಗಿನ ತನಕ ಇತ್ತು.

ಸೋಮವಾರ ಬೆಳಿಗ್ಗೆ ಎದ್ದರೆ ಮೀನಖಂಡಗಳು ಕಲ್ಲಾಗಿದ್ದವು. ಹಾಸಿಗೆಯಿಂದ ಬಾಗಿಲ ತನಕ ಹೇಗೋ ತೆವಳಿದೆ. ಎದುರಿಗೆ ಮೆಟ್ಟಿಲು. ಪಕ್ಕದಲ್ಲಿ ಕೆಟ್ಟು ನಿಂತ ಲಿಫ್ಟು, ನಾನು ಮುಂದೂಡುತ್ತ ಬಂದ ಲಿಫ್ಟು, ಬಾಗಿಲು ಮುಚ್ಚಿಕೊಂಡು ನನ್ನನ್ನೇ ನೋಡುತ್ತಿತ್ತು. ಕಂಬಿಯನ್ನು ಎರಡೂ ಕೈಯಲ್ಲಿ ತಬ್ಬಿ, ಹಿಂದುಮುಂದಾಗಿ ಇಳಿಯತೊಡಗಿದೆ. ಒಂದೊಂದು ಮೆಟ್ಟಿಲಿಗೂ ‘ದಪ್’, ‘ದಪ್’. ಹೆಗಲಿಗೆ ಶಾಲೆಯ ಚೀಲ ಹಾಕಿಕೊಂಡ ಮಗಳು ಸದ್ದಿಲ್ಲದೆ ಪಕ್ಕದಲ್ಲೇ ಇಳಿಯುತ್ತಿದ್ದಳು.

ಕೆಳಗಿನ ಮನೆಯ ಬಾಗಿಲು ತೆರೆಯಿತು. ಆಗತಾನೇ ಡ್ಯೂಟಿ ಮುಗಿಸಿ ಬಂದು ಮಲಗಹೊರಟಿದ್ದ ನರ್ಸಮ್ಮ ತಲೆ ಹೊರಗೆ ಹಾಕಿದರು.

“ಪರೀಕ್ಷೆ ಪಾಸಾಯ್ತು, ಇನ್ನು ಸದ್ದಿರಲ್ಲ ಅಂದಿದ್ದೆಯಲ್ಲಮ್ಮ?”

“ಇದು ನಾನಲ್ಲ ಆಂಟಿ,” ಎಂದಳು ಮಗಳು. “ನಮ್ಮಪ್ಪ. ಅವರನ್ನ ಇನ್ನೂ ಮೆತ್ತನೆ ಶೂ ಕ್ಲಾಸಿಗೂ ಸೇರಿಸಿಕೊಂಡಿಲ್ಲ.”